ಕಣ್ಣಳತೆ

ಸೊಹಾರಿನಲ್ಲಿ ನನ್ನ ಹತ್ತಿರ ಒಂದು ಮಂಗನ ಟೋಪಿ ಇದೆ
ಅಂದರೆ ಯಾರೂ ನಂಬುವುದಿಲ್ಲ.
ಹೊರಗೆ ನಡುರಾತ್ರಿಯಲ್ಲೂ ಮೂವತ್ತಾರು ಡಿಗ್ರಿ,
ಒಳಗೆ ನಲವತ್ತೆಂಟು ಯಂತ್ರಗಳಿಗೆ ಹದಿನೆಂಟರ ಚಳಿ.
ಅವುಗಳ ನಡುವೆ ನಾನು, ಉಣ್ಣೆಯಲ್ಲಿ ಕಿವಿ ಮುಚ್ಚಿ.

ಬೆಳಗ್ಗೆ ಆರಕ್ಕೆ ಬಂದರಿನವರಿಗೆ ಅಲೆಯ ಲೆಕ್ಕ ಬೇಕು:
ಎಷ್ಟು ಎತ್ತರ, ಯಾವ ದಿಕ್ಕು.
ಕಡಲನ್ನು ಚೌಕ ಚೌಕ ಕೊಯ್ದು
ಒಂದೊಂದು ಯಂತ್ರಕ್ಕೆ ಒಂದೊಂದು ಪಾಲು ಹಂಚಿದ್ದೇವೆ.
ಅಂಚಿನ ನೀರಿನ ಸುದ್ದಿ ಪಕ್ಕದವರಿಗೆ ಹೇಳಬೇಕು,
ಪಕ್ಕದವರು ಅವರ ಪಕ್ಕದವರಿಗೆ.
ಹನ್ನೊಂದೂವರೆಗೆ ಹದಿನೇಳನೆಯದು ಹೇಳುವುದು ನಿಲ್ಲಿಸಿತು.
ಉಳಿದವು ಕಾದವು.
ಕಾಯುವ ಯಂತ್ರವೂ ದುಡಿಯುವ ಯಂತ್ರದಷ್ಟೇ ಬಿಸಿ.

ಪಿಂಗ್ ಕಳಿಸಿದೆ.
ಇದ್ದೀಯಾ? ಇದ್ದೇನೆ.
ಇದ್ದೀಯಾ? ಇದ್ದೇನೆ.
ಅರವತ್ತನಾಲ್ಕು ಬೈಟಿನ ಪುಟ್ಟ ಮಾತು,
ಹೋಗಿ ಬರಲು ರೆಪ್ಪೆ ಬಡಿಯುವಷ್ಟೂ ಹೊತ್ತಿಲ್ಲ.
ಲಾಗಿನ್ ಆದೆ, ತೆರೆಯಿತು. ಹೆಸರು ಕೇಳಿದೆ, ಹೇಳಿತು.
ಕೆಲಸ ಕೊಟ್ಟರೆ ಮಾತ್ರ ಕಲ್ಲು.

ಕೇಬಲ್ ಬದಲಿಸಿದೆ. ಇನ್ನೊಂದು ಬದಲಿಸಿದೆ.
ಪೋರ್ಟಿಗೆ ಬಾಯಿಂದ ಊದಿದೆ, ಮಾಡಬಾರದ್ದು ಅದು.
ಫೈರ್‌ವಾಲ್ ಇಳಿಸಿದೆ, ಹೆದರಿ ಮತ್ತೆ ಏರಿಸಿದೆ.
ಒಂದೇ ವಿಳಾಸಕ್ಕೆ ಇಬ್ಬರಿದ್ದಾರೆಯೇ ಎಂದು ಹುಡುಕಿದೆ, ಇಲ್ಲ.
ಒಂದು ಗಂಟೆಗೆ, ಸಲಾಲಾದಲ್ಲಿ
ಹೆಂಡತಿ ಮಕ್ಕಳ ಜೊತೆ ರಜೆಯಲ್ಲಿರುವ ಎಲ್ತಾಯಿಬನಿಗೆ ಬರೆದೆ:
ನೀನು ಕೇಬಲ್ ಕಟ್ಟುವ ರೀತಿಯೇ ಸರಿಯಿಲ್ಲ, ಬಗ್ಗಿಸಿಡುತ್ತೀ.
ಕುಣಿಯಲಾರದವಳಿಗೆ ನೆಲ ಡೊಂಕು.

ಎರಡಕ್ಕೆ ಚಹಾ ಹಿಡಿದು ಹೊರಗೆ ಬಂದೆ.
ಬಾಗಿಲು ದಾಟುತ್ತಲೇ ಕನ್ನಡಕ ಪೂರ್ತಿ ಬೆಳ್ಳಗಾಯಿತು.
ಒರೆಸಿ ನೋಡಿದರೆ ಗೇಟಿನ ಟ್ಯೂಬ್‌ಲೈಟಿನಡಿ
ಕಾವಲಿನ ಶಹದಾದ್, ಮಡಿಲ ತುಂಬ ನೈಲಾನ್ ಬಲೆ,
ಅಂಗಡಿಯವನನ್ನು ಬಲೂಚಿಯಲ್ಲಿ ಬಯ್ಯುತ್ತ.
ನನ್ನ ಕಂಡು ಹಿಂದಿಗೆ ಬಂದ:
ಮೂರು ತುಂಡು ಕೊಂಡೆ ಸಿಸ್ಟರ್, ಜೋಡಿಸಿಯೂ ಆಯ್ತು.
ನೋಡು, ಈ ಕಡೆ ಕಣ್ಣು ನಾಲ್ಕು ಬೆರಳು, ಆ ಕಡೆ ನಾಲ್ಕು,
ನಡುವಿನ ತುಂಡಿಗೆ ಒಂದೇ ಬೆರಳು.
ನಾನೂ ನೋಡಲಿಲ್ಲ. ಬಣ್ಣ ಒಂದೇ ಇತ್ತು.

ಬಣ್ಣ ಒಂದೇ ಇತ್ತು.
ಭಾನುವಾರ ಸುಟ್ಟುಹೋದ ಸ್ವಿಚ್ಚಿನ ಜಾಗಕ್ಕೆ
ಅದೇ ಕಂಪನಿಯ, ಅದೇ ಬೂದು ಬಣ್ಣದ ಹೊಸದನ್ನು
ಪೆಟ್ಟಿಗೆಯಿಂದ ತೆಗೆದು ಹಾಗೇ ಕೂರಿಸಿದವಳು ನಾನು.
ಅಂದಿನಿಂದ ಸಣ್ಣಪುಟ್ಟ ಲೆಕ್ಕಗಳಷ್ಟೇ ಓಡಿದ್ದವು.
ಲೋಟ ಗೋಡೆಯ ಮೇಲೆ ಬಿಟ್ಟು ಓಡಿದೆ.

ಈ ಸಲ ದೊಡ್ಡ ಪಿಂಗ್, ಹತ್ತಿರ ಹತ್ತಿರ ಒಂಬತ್ತು ಸಾವಿರ ಬೈಟು,
ದಾರಿಯಲ್ಲಿ ತುಂಡು ಮಾಡಬೇಡಿ ಎಂಬ ಚೀಟಿ ಅಂಟಿಸಿ.
ಇದ್ದೀಯಾ?

ಇದ್ದೀಯಾ?

ಸಾವಿರದ ನಾನೂರಕ್ಕೆ ಇಳಿಸಿದೆ. ಇದ್ದೇನೆ.

ಗಂಗೊಳ್ಳಿಯಲ್ಲಿ ಬಲೆ ಹೆಣೆಯುವ ಚಿಕ್ಕಮ್ಮನ
ಕಾಲ ಬುಡದಲ್ಲಿ ಬೆಳೆದವಳಿಗೆ ಗೊತ್ತಿರಬೇಕಿತ್ತು:
ಕಣ್ಣು ದಾಟುವ ಮರಿಮೀನನ್ನು ಕೇಳಿದರೆ
ಬಲೆಯೇ ಇಲ್ಲ ಅನ್ನುತ್ತದೆ.

ಒಂದು ಸಾಲು, ಒಂದು ಅಂಕಿ. ಒತ್ತಿದೆ.
ಫ್ಯಾನುಗಳ ಸದ್ದೇನೂ ಬದಲಾಗಲಿಲ್ಲ.
ಪರದೆಯ ಮೇಲೆ ಕಡಲು ಒಂದು ನಿಮಿಷ ಮುಂದೆ ಹೋಯಿತು,
ಆಮೇಲೆ ಇನ್ನೊಂದು ನಿಮಿಷ.

ದಾಖಲೆ ಪುಸ್ತಕದಲ್ಲಿ ‘ಕಾರಣ’ ಎಂಬ ಖಾನೆ.
ಸ್ವಿಚ್ಚಿನ ಅಳತೆ ತಪ್ಪಾಗಿತ್ತು, ಸರಿಪಡಿಸಲಾಗಿದೆ.
ಕರ್ಮಣಿ ಪ್ರಯೋಗದಲ್ಲಿ ಯಾರ ಕೈಯೂ ಕಾಣುವುದಿಲ್ಲ.
ಹೊಡೆದುಹಾಕಿದೆ.
ಜಲಜಾಕ್ಷಿ ನೋಡಲಿಲ್ಲ, ಎಂದು ಬರೆದೆ.

ಐದಕ್ಕೆ, ಬೆಳಗಿನ ನಮಾಜು ಮುಗಿಸಿ, ಎಲ್ತಾಯಿಬನ ಉತ್ತರ:
ಹೌದು, ಬಗ್ಗಿಸುತ್ತೇನೆ. ತಪ್ಪಾಯಿತು. ಬಂದು ಎಲ್ಲ ಬಿಚ್ಚಿ ಕಟ್ಟುತ್ತೇನೆ.

ಸಾರಿ ಎಂದು ಟೈಪಿಸಿ ಅಳಿಸಿದೆ.
ತೀರ ಸಣ್ಣದು, ಎಲ್ಲಿ ಬೇಕಾದರೂ ದಾಟಿಹೋಗುತ್ತದೆ.
ಫೋನು ಮಾಡಿದೆ. ರಿಂಗಾಗುತ್ತಿದೆ.
ಕಿಟಕಿಯಾಚೆ ಶಹದಾದ್ ನಡುವಿನ ತುಂಡಿನ ಗಂಟುಗಳನ್ನು
ಹಲ್ಲಿನಿಂದ, ಒಂದೊಂದಾಗಿ, ಬಿಚ್ಚುತ್ತಿದ್ದಾನೆ.